ಡೆಟ್ರಾಯಿಟ್ ತಾನಾಗಿ ಹಾಳಾದುದಲ್ಲ



ನನ್ನಲ್ಲಿ ಸಮಾಜ ವಿಜ್ಞಾನ ಕಲಿತವರಿಗೆ ‘ಹೊಂದಿಸಿ ಬರೆಯಿರಿ’ ಎಂಬ ಪ್ರಶ್ನೆ ನೆನಪಿರಬಹುದು. ಎಡಗಡೆ ಪಿಟ್ಸ್‌ಬರ್ಗ್, ಚಿಕಾಗೊ, ಡೆಟ್ರಾಯಿಟ್. ಬಲಗಡೆ ಮಾಂಸ ಸಂಸ್ಕರಣೆ, ಮೋಟಾರು ವಾಹನ, ಉಕ್ಕು. ಡೆಟ್ರಾಯಿಟ್‌ನ ಎದುರಿಗೆ ಮೋಟಾರು ವಾಹನ ಎಂದು ಬರೆದವನಿಗೆ ಒಂದು ಅಂಕ. ಮೂವತ್ತೆರಡು ವರ್ಷ ನಾನು ಆ ಒಂದು ಅಂಕವನ್ನು ಧಾರಾಳವಾಗಿ ಹಂಚಿದ್ದೇನೆ. ಆ ಊರಿನಲ್ಲಿ ಯಾರಿದ್ದಾರೆ, ಅವರು ಹೇಗಿದ್ದಾರೆ ಎಂದು ನೀವು ಕೇಳಲಿಲ್ಲ. ನಾನೂ ಹೇಳಲಿಲ್ಲ. ಹೇಳಲು ನನಗೆ ಗೊತ್ತಿದ್ದರೆ ತಾನೆ!

2024ರ ಬೇಸಿಗೆಯಲ್ಲಿ ಮಗಳ ಬಾಣಂತನದ ನೆಪದಿಂದ ನಾವಿಬ್ಬರೂ ಮಿಷಿಗನ್ ರಾಜ್ಯಕ್ಕೆ ಹೋಗಿ ಕೆಲವು ತಿಂಗಳು ಇದ್ದೆವು. ಮಗಳ ಮನೆ ಇರುವುದು ಡೆಟ್ರಾಯಿಟ್‌ನ ಉತ್ತರದ ಒಂದು ಉಪನಗರದಲ್ಲಿ. ನನ್ನ ಹಳೆಯ ವಿದ್ಯಾರ್ಥಿಯೊಬ್ಬ, ಈಗ ಮೋಟಾರು ಕಂಪನಿಯೊಂದರಲ್ಲಿ ಎಂಜಿನಿಯರ್, ಒಂದು ಭಾನುವಾರ ನನ್ನನ್ನು ಊರು ತೋರಿಸಲು ಕರೆದೊಯ್ದ. ಆ ಸೀಮೆಯಲ್ಲಿ ಅಡ್ಡರಸ್ತೆಗಳಿಗೆ ಮೈಲಿಯ ಲೆಕ್ಕದಲ್ಲಿ ಹೆಸರು. ಹದಿನೈದನೆಯ ಮೈಲಿ, ಹತ್ತನೆಯ ಮೈಲಿ ದಾಟಿ ಎಂಟನೆಯ ಮೈಲಿ ರಸ್ತೆ ಬಂದಾಗ ಅವನು ಕಾರಿನ ಬಾಗಿಲುಗಳ ಬೀಗ ಒತ್ತಿದ. “ಇಲ್ಲಿಂದಾಚೆ ಡೆಟ್ರಾಯಿಟ್ ಶುರು ಸಾರ್. ಜೋಪಾನವಾಗಿರಬೇಕು” ಎಂದ. ಸ್ವಲ್ಪ ದೂರ ಹೋದ ಮೇಲೆ, ಮಾಡು ಕುಸಿದ ಮನೆಗಳನ್ನೂ ಹುಲ್ಲು ಬೆಳೆದ ಖಾಲಿ ನಿವೇಶನಗಳನ್ನೂ ತೋರಿಸುತ್ತ, “ಈ ಜನ ಹೀಗೇ ಸಾರ್. ಚಿನ್ನದಂಥ ಊರನ್ನು ಅವರೇ ಹಾಳು ಮಾಡಿಕೊಂಡರು. ನಾವು ಬರಿಗೈಯಲ್ಲಿ ಬಂದು ದುಡಿದು ಮೇಲೆ ಬರಲಿಲ್ಲವೇ?” ಎಂದು ಕೇಳಿದ.

ಅವನು ಒಳ್ಳೆಯ ಹುಡುಗ. ನನ್ನ ಬಗ್ಗೆ ಅವನಿಗಿರುವ ಪ್ರೀತಿಯನ್ನು ನಾನು ಬಲ್ಲೆ. ಆ ದಿನ ನಾನು ಏನೂ ಉತ್ತರ ಕೊಡಲಿಲ್ಲ. ಅತಿಥಿಯಾಗಿ ಕಾರಿನಲ್ಲಿ ಕುಳಿತವನು ವಾದಕ್ಕಿಳಿಯಬಾರದು ಎಂಬ ಸಂಕೋಚ ಒಂದು. ಉತ್ತರ ನನಗೇ ಸ್ಪಷ್ಟವಿರಲಿಲ್ಲ ಎಂಬುದು ಇನ್ನೊಂದು. ಅಲ್ಲಿಂದ ಮುಂದೆ ಉಳಿದ ದಿನಗಳಲ್ಲಿ ಗ್ರಂಥಾಲಯದಲ್ಲಿ ಕುಳಿತು ಓದಿದೆ. ಊರಿಗೆ ಬಂದ ಮೇಲೂ ಓದಿದೆ. ಅದೇ ಮಾತನ್ನು ಆ ದೇಶದಲ್ಲಿ ನಮ್ಮವರ ಬಾಯಲ್ಲಿ ಮತ್ತೆ ಮತ್ತೆ ಕೇಳಿದ್ದರಿಂದ, ಉತ್ತರವನ್ನು ಅವನೊಬ್ಬನಿಗಲ್ಲ, ನಿಮಗೆಲ್ಲರಿಗೂ ಬರೆಯುತ್ತಿದ್ದೇನೆ. ಆ ಮಾತು ತಪ್ಪು. ತಪ್ಪು ಮಾತ್ರವಲ್ಲ, ನಮ್ಮ ಬಾಯಲ್ಲಿ ಅದು ಕೃತಘ್ನತೆಯ ಮಾತು.

ಮೊದಲು, ಒಪ್ಪಬೇಕಾದುದನ್ನು ಒಪ್ಪಿಬಿಡೋಣ. ಮೋಟಾರು ಉದ್ಯಮ ಸೊರಗಿದ್ದು ನಿಜ. ಜಪಾನಿನ ಕಾರುಗಳ ಪೈಪೋಟಿ ನಿಜ. ಊರಿನಲ್ಲಿ ಅಪರಾಧ ಹೆಚ್ಚಿದ್ದೂ ನಿಜ. ಕ್ವಾಮೆ ಕಿಲ್ಪ್ಯಾಟ್ರಿಕ್ ಎಂಬ ಮಾಜಿ ಮೇಯರ್ 2013ರಲ್ಲಿ ಭ್ರಷ್ಟಾಚಾರದ ಆರೋಪದಲ್ಲಿ ತಪ್ಪಿತಸ್ಥನೆಂದು ತೀರ್ಮಾನವಾಗಿ ಸೆರೆಮನೆಗೆ ಹೋದುದೂ ನಿಜ. ಆದರೆ ಈ ನಿಜಗಳನ್ನೆಲ್ಲ ಕೂಡಿಸಿದರೂ ಒಂದು ಪ್ರಶ್ನೆ ಉಳಿಯುತ್ತದೆ. ಉದ್ಯಮ ಸೊರಗಿದ್ದರಿಂದಲೇ ಊರು ಹಾಳಾಯಿತೆಂದಾದರೆ, ಅದೇ ಉದ್ಯಮವನ್ನು ನಂಬಿ ಎಂಟನೆಯ ಮೈಲಿಯ ಆಚೆ ಬೆಳೆದ ಉಪನಗರಗಳು ಏಕೆ ಹಾಳಾಗಲಿಲ್ಲ? ಒಂದೇ ಮಳೆ, ಒಂದೇ ಬರ. ಒಂದು ಹೊಲ ಒಣಗಿ ಪಕ್ಕದ ಹೊಲ ಹಸಿರಾಗಿದ್ದರೆ ನಮ್ಮ ರೈತ ಆಕಾಶ ನೋಡುವುದಿಲ್ಲ, ಕಾಲುವೆಯ ತೂಬನ್ನು ಯಾರು ತಿರುಗಿಸಿದರು ಎಂದು ನೋಡುತ್ತಾನೆ.

ತೂಬು ತಿರುಗಿದ್ದು ಕಾಗದದ ಮೇಲೆ. 1930ರ ದಶಕದ ಆರ್ಥಿಕ ಕುಸಿತದಲ್ಲಿ ಮನೆ ಕಳೆದುಕೊಳ್ಳುತ್ತಿದ್ದವರಿಗೆ ನೆರವಾಗಲು ಅಮೆರಿಕದ ಸರ್ಕಾರ 1933ರಲ್ಲಿ ಗೃಹಸಾಲದ ನಿಗಮವೊಂದನ್ನು ಸ್ಥಾಪಿಸಿತು. ಅದು ಇನ್ನೂರಕ್ಕೂ ಹೆಚ್ಚು ನಗರಗಳ ನಕ್ಷೆಗಳನ್ನು ತಯಾರಿಸಿ, ಪ್ರತಿ ಬಡಾವಣೆಗೂ ಒಂದು ಬಣ್ಣ ಬಳಿಯಿತು. ಉತ್ತಮ ಬಡಾವಣೆಗೆ ಹಸಿರು, ಅದರ ನಂತರದ್ದಕ್ಕೆ ನೀಲಿ, ಇಳಿಯುತ್ತಿರುವುದಕ್ಕೆ ಹಳದಿ, ಅಪಾಯಕಾರಿಯಾದುದಕ್ಕೆ ಕೆಂಪು. ಬಣ್ಣ ನಿರ್ಧರಿಸುವ ನಮೂನೆಯಲ್ಲಿ ಮನೆಯ ವಯಸ್ಸು, ಗೋಡೆಯ ಸ್ಥಿತಿಗಳ ಜೊತೆಗೆ, ಅಲ್ಲಿ ಕಪ್ಪು ಜನರು ಎಷ್ಟಿದ್ದಾರೆ, ವಿದೇಶದಲ್ಲಿ ಹುಟ್ಟಿದವರು ಎಷ್ಟಿದ್ದಾರೆ ಎಂಬ ಕಲಮುಗಳೂ ಇದ್ದವು. ಕಪ್ಪು ಜನರಿದ್ದ ಬಡಾವಣೆಗೆ ಬಹುತೇಕ ಕೆಂಪೇ ಗತಿ. 1934ರಲ್ಲಿ ಹುಟ್ಟಿದ ಒಕ್ಕೂಟ ಗೃಹ ಆಡಳಿತ ಎಂಬ ಇನ್ನೊಂದು ಸಂಸ್ಥೆ ಬ್ಯಾಂಕುಗಳ ಗೃಹಸಾಲಕ್ಕೆ ಸರ್ಕಾರದ ಖಾತರಿ ಕೊಡುತ್ತಿತ್ತು. ಅದರ ನಿಯಮಾವಳಿಯ ದೃಷ್ಟಿಯೂ ಇದೇ: ಬೇರೆ ಬೇರೆ ಜನಾಂಗದವರು ಬೆರೆತರೆ ಆಸ್ತಿಯ ಬೆಲೆ ಇಳಿಯುತ್ತದೆ, ಆದುದರಿಂದ ಅಂಥಲ್ಲಿ ಖಾತರಿ ಕೊಡಬಾರದು.

ಇದರ ಅರ್ಥವನ್ನು ನಮ್ಮ ಭಾಷೆಯಲ್ಲಿ ಬಿಡಿಸಿ ನೋಡಿ. ಒಂದೇ ಕಾರ್ಖಾನೆಯಲ್ಲಿ ಕೆಲಸ ಮಾಡುವ ಇಬ್ಬರು. ಬಿಳಿಯನಿಗೆ ಸರ್ಕಾರದ ಖಾತರಿಯಲ್ಲಿ ಕಡಿಮೆ ಬಡ್ಡಿಗೆ, ದೀರ್ಘಾವಧಿಗೆ ಸಾಲ ಸಿಕ್ಕಿ ಉಪನಗರದಲ್ಲಿ ಹೊಸ ಮನೆಯಾಗುತ್ತದೆ. ಕರಿಯನಿಗೆ ಸಾಲವಿಲ್ಲ, ಇದ್ದ ಹಳೆಯ ಮನೆಯ ದುರಸ್ತಿಗೂ ಸಾಲವಿಲ್ಲ. ಮೂವತ್ತು ವರ್ಷ ಕಳೆದ ಮೇಲೆ ಮೊದಲನೆಯವನ ಮನೆಯ ಬೆಲೆ ಬೆಳೆದು ಮಗನ ಕಾಲೇಜಿನ ಶುಲ್ಕವಾಗುತ್ತದೆ, ಎರಡನೆಯವನ ಮನೆಯ ಮಾಡು ಸೋರುತ್ತದೆ. ಆಗ ಯಾರೋ ಒಬ್ಬರು ಕಾರಿನಲ್ಲಿ ಬಂದು, ‘ಈ ಜನಕ್ಕೆ ಮನೆ ಇಟ್ಟುಕೊಳ್ಳಲು ಬರುವುದಿಲ್ಲ’ ಎನ್ನುತ್ತಾರೆ.

ಕಾಗದದ ಗೆರೆ ಸಾಲದೆ ಒಂದೆಡೆ ಕಾಂಕ್ರೀಟಿನ ಗೆರೆಯನ್ನೇ ಎಳೆದರು. ಎಂಟನೆಯ ಮೈಲಿ ರಸ್ತೆಗೆ ತಾಗಿದಂತೆ ಕಪ್ಪು ಜನರ ಒಂದು ವಸತಿ ಇತ್ತು. 1941ರಲ್ಲಿ ಒಬ್ಬ ಗೃಹನಿರ್ಮಾಪಕ ಅದರ ಪಕ್ಕದಲ್ಲಿ ಬಿಳಿಯರಿಗಾಗಿ ಮನೆ ಕಟ್ಟಲು ಹೊರಟಾಗ, ನೆರೆಯವರ ಬಣ್ಣದ ಕಾರಣದಿಂದ ಅವನಿಗೆ ಸರ್ಕಾರದ ಖಾತರಿ ಸಿಗಲಿಲ್ಲ. ನಡುವೆ ಆರು ಅಡಿ ಎತ್ತರದ, ಅರ್ಧ ಮೈಲಿ ಉದ್ದದ ಗೋಡೆ ಎಬ್ಬಿಸಿದ ಮೇಲೆ ಸಿಕ್ಕಿತು. ಆ ಗೋಡೆ ಇಂದಿಗೂ ಇದೆ. ನನ್ನ ಒತ್ತಾಯಕ್ಕೆ ಶಿಷ್ಯ ಇನ್ನೊಂದು ದಿನ ಅಲ್ಲಿಗೂ ಕರೆದೊಯ್ದ. ಮಕ್ಕಳ ಆಟದ ಮೈದಾನದ ಪಕ್ಕದಲ್ಲಿ ಒಂದಷ್ಟು ಉದ್ದಕ್ಕೆ ಅದರ ಮೇಲೆ ಬಣ್ಣದ ಚಿತ್ರಗಳನ್ನು ಬರೆದಿದ್ದಾರೆ. ಹದಿನೈದು ವರ್ಷದಿಂದ ಆ ಸೀಮೆಯಲ್ಲಿರುವ ಅವನು ಆ ಗೋಡೆಯನ್ನು ನೋಡಿದ್ದು ಅದೇ ಮೊದಲು. ಅಲ್ಲಿ ನಿಂತಾಗ ಅವನು ಏನೂ ಹೇಳಲಿಲ್ಲ, ಮೊಬೈಲಿನಲ್ಲಿ ಒಂದು ಚಿತ್ರ ತೆಗೆದುಕೊಂಡ.

ಇನ್ನು ‘ನಗರ ನವೀಕರಣ’ ಎಂಬ ಸುಂದರವಾದ ಪದದ ಕಥೆ. ಡೆಟ್ರಾಯಿಟ್‌ನ ನಡುಪೇಟೆಯ ಪೂರ್ವಕ್ಕೆ ಬ್ಲ್ಯಾಕ್ ಬಾಟಮ್ ಎಂಬ ಬಡಾವಣೆ ಇತ್ತು. ಜನರ ಮೈಬಣ್ಣದಿಂದ ಬಂದ ಹೆಸರಲ್ಲ. ಹಿಂದೆ ಅಲ್ಲಿ ಬೇಸಾಯ ಮಾಡಿದ ಫ್ರೆಂಚ್ ರೈತರು ಫಲವತ್ತಾದ ಕರಿಮಣ್ಣನ್ನು ಕಂಡು ಇಟ್ಟ ಹೆಸರೆನ್ನುತ್ತಾರೆ. ನಮ್ಮ ದುರ್ಗದ ಸೀಮೆಯವರು ‘ಎರೆ ಹೊಲ’ ಎನ್ನುವಂತೆ. ಬೇರೆಲ್ಲೂ ಮನೆ ಸಿಗದ ಕಪ್ಪು ಜನರು ಅಲ್ಲಿ ಕಿಕ್ಕಿರಿದು ನೆಲೆಸಿದ್ದರು. ಮನೆಗಳು ಹಳೆಯವು, ಇಕ್ಕಟ್ಟು, ಕೊಳಕು, ಇದರಲ್ಲಿ ಮುಚ್ಚಿಡುವಂಥದೇನಿಲ್ಲ. ಆದರೆ ಹೇಸ್ಟಿಂಗ್ಸ್ ಎಂಬ ಬೀದಿಯುದ್ದಕ್ಕೂ ಅವರದೇ ಅಂಗಡಿಗಳು, ವೈದ್ಯರು, ಔಷಧದಂಗಡಿಗಳು, ಚರ್ಚುಗಳು, ಸಂಗೀತದ ಕೂಟಗಳಿದ್ದವು. ಮುಂದೆ ಆ ನಗರದ ಮೊದಲ ಕಪ್ಪು ಮೇಯರ್ ಆದ ಕೋಲ್ಮನ್ ಯಂಗ್ ಬೆಳೆದದ್ದು ಅಲ್ಲಿಯೇ.

1949ರ ವಸತಿ ಕಾಯಿದೆಯ ಪ್ರಕಾರ, ಕೊಳೆಗೇರಿ ಎಂದು ಘೋಷಿಸಿದ ಪ್ರದೇಶವನ್ನು ನಗರಾಡಳಿತ ವಶಪಡಿಸಿಕೊಂಡು ನೆಲಸಮ ಮಾಡಿದರೆ, ಅದರಲ್ಲಾಗುವ ನಷ್ಟದ ಮೂರರಲ್ಲಿ ಎರಡು ಪಾಲನ್ನು ಕೇಂದ್ರ ಸರ್ಕಾರ ತುಂಬಿಕೊಡುತ್ತಿತ್ತು. 1956ರ ಹೆದ್ದಾರಿ ಕಾಯಿದೆಯಲ್ಲಿ ಅಂತರರಾಜ್ಯ ರಸ್ತೆಯ ಖರ್ಚಿನ ನೂರಕ್ಕೆ ತೊಂಬತ್ತು ಪಾಲು ಕೇಂದ್ರದ್ದು. ಬೇರೆಯವರ ಹಣ, ಬಡವರ ನೆಲ. ಯಾವ ನಗರಾಡಳಿತ ತಾನೆ ಬಿಟ್ಟೀತು? ಬ್ಲ್ಯಾಕ್ ಬಾಟಮ್ ನೆಲಸಮವಾಯಿತು. ಕೆಡವಿದ ಮೇಲೆ ಆ ನೆಲ ವರ್ಷಗಟ್ಟಲೆ ಕಳೆ ಬೆಳೆದು ಬಿದ್ದಿತ್ತು. ಆಮೇಲೆ ಮೀಸ್ ವಾನ್ ಡರ್ ರೋಹೆ ಎಂಬ ಜಗತ್ಪ್ರಸಿದ್ಧ ವಾಸ್ತುಶಿಲ್ಪಿಯ ವಿನ್ಯಾಸದಲ್ಲಿ ಅಲ್ಲಿ ಅಂದವಾದ ಗಾಜಿನ ಮನೆಗಳೆದ್ದವು. ಹಳಬರಿಗೆ ಅವುಗಳ ಬಾಡಿಗೆ ಕೈಗೆಟುಕುವಂತಿರಲಿಲ್ಲ. ಹೇಸ್ಟಿಂಗ್ಸ್ ಬೀದಿಯ ಜಾಗದಲ್ಲಿ ಹಳ್ಳ ತೋಡಿ ಹೆದ್ದಾರಿ ಮಾಡಿದರು. ಹೆದ್ದಾರಿ ಯಾರಿಗೆ? ಹಗಲು ನಗರದಲ್ಲಿ ದುಡಿದು ಸಂಜೆ ಉಪನಗರಕ್ಕೆ ಮರಳುವವರಿಗೆ.

ಅಲ್ಲಿದ್ದವರು ಎಲ್ಲಿಗೆ ಹೋದರು? ಬಹುಪಾಲು ಜನ ಬಾಡಿಗೆದಾರರು. ಅವರಿಗೆ ಹೇಳಿಕೊಳ್ಳುವಂಥ ಪರಿಹಾರ ಸಿಗಲಿಲ್ಲ, ಮಾತು ಕೊಟ್ಟಷ್ಟು ಮನೆಗಳೂ ಆಗಲಿಲ್ಲ. ಅವರಲ್ಲಿ ಅನೇಕರು ನಗರದ ಪಶ್ಚಿಮಕ್ಕೆ, ಹನ್ನೆರಡನೆಯ ಬೀದಿಯ ಸುತ್ತಮುತ್ತ ಹೋಗಿ ಇನ್ನಷ್ಟು ಕಿಕ್ಕಿರಿದರು. 1967ರ ಜುಲೈ 23ರಂದು ದಂಗೆ ಹೊತ್ತಿಕೊಂಡದ್ದು ಅದೇ ಹನ್ನೆರಡನೆಯ ಬೀದಿಯಲ್ಲಿ. ನಲವತ್ಮೂರು ಜನ ಸತ್ತರು. ನಮ್ಮವರು ಡೆಟ್ರಾಯಿಟ್‌ನ ಇತಿಹಾಸ ಹೇಳುವಾಗ ಇಲ್ಲಿಂದ ಆರಂಭಿಸುತ್ತಾರೆ: ‘ದಂಗೆಯೆದ್ದರು, ಬಿಳಿಯರು ಹೆದರಿ ಓಡಿದರು, ಊರು ಹಾಳಾಯಿತು.’ ಕಥೆಯನ್ನು ಮಧ್ಯದ ಪುಟದಿಂದ ಓದಿದರೆ ಹೀಗೆಯೇ ಆಗುವುದು. ಜನಗಣತಿಯ ಪುಸ್ತಕ ಬೇರೆ ಹೇಳುತ್ತದೆ. 1950ರಲ್ಲಿ ನಗರದ ಜನಸಂಖ್ಯೆ ಸುಮಾರು 18.5 ಲಕ್ಷ. 1960ರಲ್ಲಿ ಸುಮಾರು 16.7 ಲಕ್ಷ. ದಂಗೆಗೆ ಏಳು ವರ್ಷ ಮುಂಚೆಯೇ ಸುಮಾರು ಒಂದು ಲಕ್ಷ ಎಂಬತ್ತು ಸಾವಿರ ಜನ ಕಡಿಮೆಯಾಗಿದ್ದರು. ಬೆಂಕಿಗೆ ಹೆದರಿ ಓಡಿದವರು ಬೆಂಕಿ ಬೀಳುವ ಮೊದಲೇ ಓಡಲು ಸಾಧ್ಯವೇ? ಅವರನ್ನು ಕರೆದದ್ದು ಸಾಲ, ರಸ್ತೆ, ಮತ್ತು ನಗರದಾಚೆ ಬಯಲಿನಲ್ಲಿ ಎದ್ದ ಹೊಸ ಕಾರ್ಖಾನೆಗಳು. ದಂಗೆಯ ನಂತರ ಓಟದ ವೇಗ ಹೆಚ್ಚಿತು, ಅಷ್ಟೆ. 2020ರ ಜನಗಣತಿಯಲ್ಲಿ ಉಳಿದವರು 6.39 ಲಕ್ಷ. ಜನ ಹೋದರೆ ತೆರಿಗೆ ಹೋಗುತ್ತದೆ. ಆದರೆ ಹದಿನೆಂಟು ಲಕ್ಷ ಜನಕ್ಕೆ ಹಾಕಿದ ನೀರಿನ ಕೊಳವೆ, ಬೀದಿದೀಪ, ರಸ್ತೆ ಹಾಗೆಯೇ ಇರುತ್ತವೆ. ಅವುಗಳ ಖರ್ಚು ಉಳಿದವರ ತಲೆಯ ಮೇಲೆ.

ಈಗ ನನಗೆ ಅತ್ಯಂತ ನೋವು ತಂದ ವಿಷಯಕ್ಕೆ ಬರುತ್ತೇನೆ. ಶಾಲೆ. ನಮ್ಮವರು ಉಪನಗರದಲ್ಲಿ ಮನೆ ಕೊಳ್ಳುವಾಗ ಮೊದಲು ಕೇಳುವುದು ‘ಶಾಲೆ ಹೇಗಿದೆ?’ ಎಂದು. ಮೇಷ್ಟ್ರಾಗಿ ನನಗೆ ಅದು ಸಂತೋಷದ ಸಂಗತಿಯೇ. ಆದರೆ ಆ ಶಾಲೆಯ ಸುತ್ತ ಇರುವ ಬೇಲಿಯನ್ನು ಯಾರು ಕಟ್ಟಿದರು? 1970ರ ದಶಕದ ಆರಂಭದಲ್ಲಿ ಒಬ್ಬ ಕೇಂದ್ರ ನ್ಯಾಯಾಧೀಶರು, ಡೆಟ್ರಾಯಿಟ್‌ನ ಶಾಲೆಗಳಲ್ಲಿ ಕಪ್ಪು ಮಕ್ಕಳನ್ನು ಪ್ರತ್ಯೇಕವಾಗಿಟ್ಟಿರುವುದು ಆಡಳಿತದ್ದೇ ಕೃತ್ಯವೆಂದು ಕಂಡು, ಸುತ್ತಲಿನ 53 ಉಪನಗರಗಳ ಶಾಲಾ ಜಿಲ್ಲೆಗಳನ್ನೂ ಸೇರಿಸಿ ಪರಿಹಾರ ಮಾಡಬೇಕೆಂದರು. 1974ರ ಜುಲೈನಲ್ಲಿ ಸುಪ್ರೀಂ ಕೋರ್ಟು ಐದಕ್ಕೆ ನಾಲ್ಕು ಮತಗಳಿಂದ ಅದನ್ನು ತಳ್ಳಿಹಾಕಿತು. ಉಪನಗರಗಳು ತಪ್ಪು ಮಾಡಿದ್ದಕ್ಕೆ ಪುರಾವೆಯಿಲ್ಲ, ಆದುದರಿಂದ ಗಡಿ ದಾಟುವಂತಿಲ್ಲ ಎಂಬುದು ತೀರ್ಪಿನ ತಿರುಳು. ಆ ನ್ಯಾಯಾಲಯದ ಮೊದಲ ಕಪ್ಪು ನ್ಯಾಯಮೂರ್ತಿ ಥರ್ಗುಡ್ ಮಾರ್ಷಲ್ ಭಿನ್ನ ತೀರ್ಪು ಬರೆದು, ಮಹಾನಗರಗಳು ಬಿಳಿಯರದೊಂದು, ಕರಿಯರದೊಂದು ಎಂದು ಎರಡಾಗಿ ಒಡೆಯುವ ದಾರಿ ಇಂದು ಸುಲಭವೆನಿಸಿದರೂ ದೇಶ ಮುಂದೆ ಪಶ್ಚಾತ್ತಾಪ ಪಡಬೇಕಾಗುತ್ತದೆಂದು ಎಚ್ಚರಿಸಿದರು. ಎಂಟನೆಯ ಮೈಲಿ ರಸ್ತೆಗೆ ಅಂದಿನಿಂದ ನ್ಯಾಯಾಲಯದ ಮುದ್ರೆಯೂ ಬಿದ್ದಂತಾಯಿತು.

ಹಣದ ವಿಷಯದಲ್ಲಿ ಒಂದು ತಿದ್ದುಪಡಿಯನ್ನು ನಾನು ಮರೆಮಾಚಬಾರದು. 1994ರಿಂದ ಮಿಷಿಗನ್‌ನಲ್ಲಿ ಶಾಲೆಯ ನಿತ್ಯದ ಖರ್ಚಿನ ಬಹುಪಾಲನ್ನು ರಾಜ್ಯವೇ ಕೊಡುತ್ತದೆ. ಆದರೆ ಕಟ್ಟಡಕ್ಕೆ ಇಂದಿಗೂ ಮುಖ್ಯವಾಗಿ ಆಯಾ ಊರಿನ ಆಸ್ತಿ ತೆರಿಗೆಯೇ ಗತಿ. ಮನೆಯ ಬೆಲೆ ಹೆಚ್ಚಿರುವ ಊರಿಗೆ ಹೊಸ ಪ್ರಯೋಗಾಲಯ, ಈಜುಕೊಳ. ಮನೆಯ ಬೆಲೆ ಕುಸಿದ ಊರಿಗೆ ಸೋರುವ ಮಾಡು.

2016ರಲ್ಲಿ ಡೆಟ್ರಾಯಿಟ್‌ನ ಕೆಲವು ವಿದ್ಯಾರ್ಥಿಗಳು ರಾಜ್ಯದ ಮೇಲೆ ದಾವೆ ಹೂಡಿದರು. ‘ನಮಗೆ ಓದಲು ಕಲಿಸಿ’ ಎಂಬುದೇ ಅವರ ಬೇಡಿಕೆ. ಇಲಿಗಳ ಕಾಟ, ಸಾಲದ ಪಠ್ಯಪುಸ್ತಕಗಳು, ಗಣಿತದ ಶಿಕ್ಷಕರಿಲ್ಲದೆ ಎಂಟನೆಯ ತರಗತಿಯ ವಿದ್ಯಾರ್ಥಿಯೇ ಒಂದು ತಿಂಗಳು ಪಾಠ ಮಾಡಿದ್ದು, ಇವೆಲ್ಲ ಆ ದೂರಿನಲ್ಲಿದ್ದವು. 2018ರಲ್ಲಿ ಕೆಳ ನ್ಯಾಯಾಲಯ ಹೇಳಿದ್ದೇನು ಗೊತ್ತೆ? ಸ್ಥಿತಿ ಶೋಚನೀಯವೇ, ಆದರೆ ಅಕ್ಷರ ಕಲಿಯುವುದು ಸಂವಿಧಾನ ಕೊಟ್ಟ ಮೂಲಭೂತ ಹಕ್ಕಲ್ಲ! 2020ರ ಏಪ್ರಿಲ್‌ನಲ್ಲಿ ಮೇಲ್ಮನವಿಯ ಪೀಠ ಅದು ಹಕ್ಕೇ ಎಂದಿತು. ಮುಂದಿನ ತಿಂಗಳು ರಾಜ್ಯ ರಾಜಿಗೆ ಬಂದಿತು. ಆ ತೀರ್ಪನ್ನು ಅದೇ ನ್ಯಾಯಾಲಯದ ಪೂರ್ಣಪೀಠ ರದ್ದುಪಡಿಸಿತು. ರಾಜಿಯಲ್ಲಿ ಒಪ್ಪಿದ್ದ 9.44 ಕೋಟಿ ಡಾಲರನ್ನು ಶಾಸನಸಭೆ ಮಂಜೂರು ಮಾಡಿದ್ದು 2023ರಲ್ಲಿ. ದಾವೆ ಹೂಡಿದಾಗ ಒಂದನೆಯ ತರಗತಿಯಲ್ಲಿದ್ದ ಮಗು ಆ ವೇಳೆಗೆ ಹೈಸ್ಕೂಲಿನ ಹೊಸ್ತಿಲಲ್ಲಿತ್ತು. ಕಾಗುಣಿತ ಬಾರದೆ ಒಂಬತ್ತನೆಯ ತರಗತಿಗೆ ಬಂದ ಮಕ್ಕಳನ್ನು ನಾನು ಬಲ್ಲೆ. ಅವರು ಕೊನೆಯ ಬೆಂಚಿನಲ್ಲಿ ತಲೆ ತಗ್ಗಿಸಿ ಕೂರುತ್ತಾರೆ, ಮೇಷ್ಟ್ರು ತಮ್ಮ ಹೆಸರು ಕರೆಯದಿರಲಿ ಎಂದು ಪ್ರಾರ್ಥಿಸುತ್ತಾರೆ. ಆ ಮಕ್ಕಳನ್ನು ಯಾರಾದರೂ ‘ಸೋಮಾರಿಗಳು’ ಎಂದರೆ ನನಗೆ ಸಿಟ್ಟು ಬರುತ್ತದೆ. ಅವರು ಡೆಟ್ರಾಯಿಟ್‌ನವರಾದರೂ ಅಷ್ಟೆ, ನಮ್ಮ ತಾಲೂಕಿನವರಾದರೂ ಅಷ್ಟೆ.

‘ನಾವು ದುಡಿದು ಮೇಲೆ ಬರಲಿಲ್ಲವೇ?’ ಎಂಬ ಪ್ರಶ್ನೆ ಉಳಿಯಿತು. ಬಂದಿರಿ. ನಿಮ್ಮ ದುಡಿಮೆಯನ್ನು ನಾನು ಅಲ್ಲಗಳೆಯುವುದಿಲ್ಲ. ಸೀಮೆಎಣ್ಣೆ ದೀಪದಲ್ಲಿ ಓದಿದವರು ನಿಮ್ಮಲ್ಲಿ ಎಷ್ಟು ಜನ ಎಂಬುದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಆದರೆ ಬಾಗಿಲು ತೆರೆದಿತ್ತು, ಆದ್ದರಿಂದ ಒಳಗೆ ಹೋದಿರಿ. ಆ ಬಾಗಿಲು ತಾನಾಗಿ ತೆರೆದುಕೊಳ್ಳಲಿಲ್ಲ.

ಡೆಟ್ರಾಯಿಟ್‌ಗೆ ತಾಗಿದ ಗ್ರಾಸ್ ಪಾಯಿಂಟ್ ಎಂಬ ಶ್ರೀಮಂತ ಉಪನಗರಗಳಲ್ಲಿ ಮನೆ ಕೊಳ್ಳಲು ಬಂದವರಿಗೆ ಅಂಕ ಹಾಕುವ ಪದ್ಧತಿಯಿತ್ತು. ಈ ಗುಟ್ಟು ಬಯಲಾದದ್ದು 1960ರಲ್ಲಿ. ಮೈಬಣ್ಣ ಎಷ್ಟು ಕಪ್ಪು, ಮಾತಿನ ಧಾಟಿ ಹೇಗೆ, ಹೆಸರು ಎಂಥದು, ಜೀವನಕ್ರಮ ಅಮೆರಿಕದ್ದೋ ಅಲ್ಲವೋ ಎಂದು ಮನೆ ದಲ್ಲಾಳಿಗಳು ಪತ್ತೇದಾರರಿಂದ ವಿಚಾರಿಸಿ ಅಂಕ ಕೊಡುತ್ತಿದ್ದರು. ಪೋಲೆಂಡ್ ಮೂಲದವರು ಪಾಸಾಗಲು ಇಷ್ಟು ಅಂಕ, ಯೆಹೂದ್ಯರಿಗೆ ಅದಕ್ಕಿಂತ ಹೆಚ್ಚು. ಕರಿಯರಿಗೂ ಏಷ್ಯಾದವರಿಗೂ ಪರೀಕ್ಷೆಗೆ ಕೂರುವ ಅವಕಾಶವೇ ಇರಲಿಲ್ಲ. ಜೀವಮಾನವಿಡೀ ಅಂಕ ಹಾಕಿದ ನಾನು ಇದನ್ನು ಓದಿ ಪುಸ್ತಕ ಮುಚ್ಚಿ ಸುಮ್ಮನೆ ಕುಳಿತೆ. ನಿಮ್ಮ ಬಿಸಿಬೇಳೆ ಬಾತಿನ ಒಗ್ಗರಣೆಗೆ, ನಿಮ್ಮ ಮಾತಿನ ದುರ್ಗದ ಧಾಟಿಗೆ, ನಿಮ್ಮ ತಾಯಿಯ ಹಣೆಯ ಕುಂಕುಮಕ್ಕೆ ಅಲ್ಲಿ ಎಷ್ಟು ಅಂಕ ಬೀಳುತ್ತಿತ್ತು?

ಈ ಪದ್ಧತಿಗಳನ್ನು ಕಾನೂನುಬಾಹಿರ ಮಾಡಿದ ನ್ಯಾಯಬದ್ಧ ವಸತಿ ಕಾಯಿದೆಗೆ ಸಹಿ ಬಿದ್ದದ್ದು 1968ರ ಏಪ್ರಿಲ್ 11ರಂದು. ಮಾರ್ಟಿನ್ ಲೂಥರ್ ಕಿಂಗ್ ಗುಂಡಿಗೆ ಬಲಿಯಾಗಿ ಆಗ ಒಂದು ವಾರವಷ್ಟೇ ಕಳೆದಿತ್ತು. ಏಷ್ಯಾದವರಿಗೆ ವಲಸೆಯ ಬಾಗಿಲು ತೆರೆದ 1965ರ ಕಾಯಿದೆಯೂ ಆ ಹೋರಾಟದ ಕಾಲದ್ದೇ ಫಲ. ಅದಕ್ಕೆ ಮುಂಚೆ, 1946ರ ಕಾಯಿದೆಯಂತೆ, ಭಾರತಕ್ಕೆ ಸಿಗುತ್ತಿದ್ದುದು ವರ್ಷಕ್ಕೆ ನೂರು ಜನರ ಪಾಲು! ಪೊಲೀಸರ ನಾಯಿಗಳಿಂದ ಕಚ್ಚಿಸಿಕೊಂಡು, ಸೆರೆಮನೆ ಸೇರಿ, ಪ್ರಾಣ ಕೊಟ್ಟು ಆ ಬಾಗಿಲನ್ನು ನೂಕಿದವರ ಮುಂಚೂಣಿಯಲ್ಲಿದ್ದವರು ಕಪ್ಪು ಜನರು. ಅವರು ತೆರೆದ ಬಾಗಿಲಿನಲ್ಲಿ ಒಳಗೆ ಹೋದ ನಾವು, ಕಾರಿನ ಬಾಗಿಲ ಬೀಗ ಒತ್ತಿಕೊಂಡು, ‘ಈ ಜನ ಹೀಗೇ’ ಎನ್ನುತ್ತೇವೆ. ಕೃತಘ್ನತೆ ಎಂದು ನಾನು ಹೇಳಿದ್ದು ಇದಕ್ಕೆ.

ಇದು ನಮ್ಮ ಹಳೆಯ ರೋಗ. ಭಗತ್ ಸಿಂಗ್ ಥಿಂಡ್ ಎಂಬ ಪಂಜಾಬಿ ಮೊದಲ ಮಹಾಯುದ್ಧದಲ್ಲಿ ಅಮೆರಿಕದ ಸೇನೆಯಲ್ಲಿದ್ದವರು. ಪೌರತ್ವ ಬಿಳಿಯರಿಗೂ ಆಫ್ರಿಕಾ ಮೂಲದವರಿಗೂ ಮಾತ್ರ ಇದ್ದ ಕಾಲ ಅದು. ಅವರ ಪರವಾಗಿ ಹೂಡಿದ ವಾದವೇನೆಂದರೆ: ಇವರು ಉಚ್ಚ ಜಾತಿಯ ಆರ್ಯ, ಆದುದರಿಂದ ಬಿಳಿಯರು, ಅಮೆರಿಕದ ಬಿಳಿಯ ಕರಿಯನನ್ನು ಕಾಣುವಂತೆಯೇ ಉಚ್ಚ ಜಾತಿಯ ಹಿಂದೂ ತನ್ನ ದೇಶದ ಮೂಲನಿವಾಸಿಗಳನ್ನು ಕಾಣುತ್ತಾನೆ! ಈ ಕಾನೂನೇ ಅನ್ಯಾಯ ಎನ್ನಲಿಲ್ಲ. ನಮ್ಮನ್ನೂ ಮೇಲಿನ ಪಂಕ್ತಿಯಲ್ಲಿ ಕೂರಿಸಿ ಎಂದರು. 1923ರಲ್ಲಿ ಸುಪ್ರೀಂ ಕೋರ್ಟು ಪಂಕ್ತಿಯಿಂದ ಎಬ್ಬಿಸಿ ಕಳಿಸಿತು. ನೂರು ವರ್ಷ ಕಳೆದರೂ ನಾವು ಅದೇ ಪಂಕ್ತಿಯ ತುದಿಯಲ್ಲಿ ಎಲೆ ಹಾಕಿಸಿಕೊಳ್ಳಲು ನಿಂತಿದ್ದೇವೆಯೇ ಎಂದು ನನಗೆ ಅನುಮಾನ.

‘ಈಗ ಊರು ಸುಧಾರಿಸುತ್ತಿದೆಯಲ್ಲ ಸಾರ್’ ಎನ್ನುವಿರಿ. ಸುಧಾರಿಸುತ್ತಿದೆ, ನಾನೇ ಕಣ್ಣಾರೆ ಕಂಡೆ. 1913ರಲ್ಲಿ ಆರಂಭವಾಗಿ 1988ರಲ್ಲಿ ಮುಚ್ಚಿಹೋಗಿದ್ದ ಹದಿನೆಂಟು ಅಂತಸ್ತಿನ ರೈಲು ನಿಲ್ದಾಣ ಮೂವತ್ತು ವರ್ಷ ಹಾಳುಬಿದ್ದಿತ್ತು. ಫೋರ್ಡ್ ಕಂಪನಿ 2018ರಲ್ಲಿ ಅದನ್ನು ಕೊಂಡು ದುರಸ್ತಿ ಮಾಡಿ 2024ರ ಜೂನ್‌ನಲ್ಲಿ ತೆರೆಯಿತು. ಅದರ ಕಮಾನಿನ ಕೆಳಗೆ ನಿಂತಾಗ ನಿಜಕ್ಕೂ ಕಣ್ಣು ತುಂಬಿ ಬಂತು. 2023ರಲ್ಲಿ ಊರಿನ ಜನಸಂಖ್ಯೆ ಅಲ್ಪಸ್ವಲ್ಪ ಏರಿತೆಂದು ಗಣತಿ ಇಲಾಖೆ ಅಂದಾಜು ಮಾಡಿತು. 1957ರ ನಂತರ ಅದೇ ಮೊದಲು. ಇದನ್ನು ಕಂಡು ಸಂತೋಷಪಡದವನು ಮನುಷ್ಯನಲ್ಲ.

ಆದರೆ ಸುಧಾರಣೆಯ ಬಿಲ್ಲನ್ನು ಯಾರು ಕಟ್ಟಿದರು ಎಂದೂ ಕೇಳಬೇಕಲ್ಲ? 2013ರ ಜುಲೈನಲ್ಲಿ ಸುಮಾರು 1,800 ಕೋಟಿ ಡಾಲರ್ ಸಾಲದೊಂದಿಗೆ ನಗರ ದಿವಾಳಿ ಅರ್ಜಿ ಹಾಕಿತು. ಇತ್ಯರ್ಥದಲ್ಲಿ ನಗರದ ಸಾಮಾನ್ಯ ನಿವೃತ್ತ ನೌಕರರ ಪಿಂಚಣಿ ನೂರಕ್ಕೆ ನಾಲ್ಕೂವರೆಯಷ್ಟು ಕಡಿತವಾಯಿತು. ಬೆಲೆಯೇರಿಕೆಗೆ ತಕ್ಕಂತೆ ಸಿಗುತ್ತಿದ್ದ ಹೆಚ್ಚಳ ನಿಂತುಹೋಯಿತು. ಪಿಂಚಣಿಯಲ್ಲಿ ಬದುಕುವ ನನಗೆ, ತುಟ್ಟಿಭತ್ಯೆ ನಿಂತರೆ ಔಷಧದ ಚೀಟಿಯಲ್ಲಿ ಯಾವುದನ್ನು ಬಿಡಬೇಕು ಎಂಬ ಲೆಕ್ಕ ಅರ್ಥವಾಗುತ್ತದೆ. ದಿವಾಳಿಯ ಅರ್ಜಿ ಹೋದ ಅದೇ ತಿಂಗಳು, ಹೊಸ ಐಸ್ ಹಾಕಿ ಕ್ರೀಡಾಂಗಣಕ್ಕೆ ಸಾರ್ವಜನಿಕ ಹಣ ಸೇರಿಸುವ ಯೋಜನೆಗೆ ರಾಜ್ಯದ ಮಂಡಳಿ ಒಪ್ಪಿಗೆ ಕೊಟ್ಟಿತು. 2008ರ ನಂತರ ಮನೆಗಳ ಬೆಲೆ ಕುಸಿದಾಗ ನಗರಾಡಳಿತ ತೆರಿಗೆಯ ಲೆಕ್ಕವನ್ನು ಅದಕ್ಕೆ ತಕ್ಕಂತೆ ಇಳಿಸಲಿಲ್ಲ. 2010ರಿಂದ 2016ರವರೆಗೆ ಮನೆ ಮಾಲೀಕರ ಮೇಲೆ ಬಿದ್ದ ಹೆಚ್ಚುವರಿ ತೆರಿಗೆ ಕನಿಷ್ಠ 60 ಕೋಟಿ ಡಾಲರ್ ಎಂದು ಅಲ್ಲಿಯ ಪತ್ರಿಕೆಯೇ 2020ರಲ್ಲಿ ಲೆಕ್ಕ ಹಾಕಿ ತೋರಿಸಿತು. ತಪ್ಪು ಲೆಕ್ಕದ ತೆರಿಗೆ ಕಟ್ಟಲಾಗದೆ ಮನೆ ಹರಾಜಾದವರೂ ಇದ್ದಾರೆ. ಹಾಗೆ ಖಾಲಿಯಾದ ಮನೆಗಳನ್ನೇ ನಾವು ಕಾರಿನ ಕಿಟಕಿಯಿಂದ ನೋಡಿ ಲೊಚಗುಟ್ಟುವುದು.

ಹೇಸ್ಟಿಂಗ್ಸ್ ಬೀದಿಯನ್ನು ನುಂಗಿದ ಆ ಹೆದ್ದಾರಿಯ ಒಂದು ಮೈಲಿ ತುಂಡನ್ನು ಮುಚ್ಚಿ ಮತ್ತೆ ಬೀದಿಯಾಗಿಸಲು ಕೇಂದ್ರ ಸರ್ಕಾರ 2022ರಲ್ಲಿ ಹತ್ತು ಕೋಟಿ ಡಾಲರಿಗೂ ಹೆಚ್ಚು ನೆರವು ಘೋಷಿಸಿತು. 2025ರಲ್ಲಿ ವೆಚ್ಚ ಮಿತಿಮೀರಿತೆಂದು ರಾಜ್ಯದ ಸಾರಿಗೆ ಇಲಾಖೆ ಕೆಲಸವನ್ನು ತಡೆಹಿಡಿಯಿತು. ಬೀದಿಯನ್ನು ಅಗೆಯುವಾಗ ಹಣ ಇತ್ತು, ಮುಚ್ಚುವಾಗ ಸಾಲದಾಯಿತು.

‘ಹಾಗಾದರೆ ನಾವೇನು ಮಾಡಬೇಕು ಸಾರ್? ಮನೆ ಮಾರಿಕೊಂಡು ಬರಬೇಕೇ?’ ಎಂದು ನೀವು ಕೇಳಬಹುದು. ಬೇಡ. ಅಲ್ಲಿಯ ಪೌರರಾದವರು ಮತಗಟ್ಟೆಗೆ ಹೋಗಿ, ಸಾಕು. 2016ರ ನವೆಂಬರ್‌ನಲ್ಲಿ ಡೆಟ್ರಾಯಿಟನ್ನೂ ಉಪನಗರಗಳನ್ನೂ ಬಸ್ಸು ರೈಲುಗಳಿಂದ ಬೆಸೆಯುವ ಪ್ರಾದೇಶಿಕ ಸಾರಿಗೆಯ ತೆರಿಗೆ ಅಲ್ಪ ಅಂತರದಿಂದ ಸೋತಿತು. ನಮ್ಮವರು ಬಹಳವಾಗಿ ನೆಲೆಸಿರುವ ಓಕ್‌ಲ್ಯಾಂಡ್ ಕೌಂಟಿಯಲ್ಲಂತೂ ಕೂದಲೆಳೆಯ ಅಂತರ. ಕಾರಿಲ್ಲದ ಡೆಟ್ರಾಯಿಟ್‌ನ ಹೆಂಗಸೊಬ್ಬಳು ನಿಮ್ಮ ಊರಿನ ಆಸ್ಪತ್ರೆಯಲ್ಲಿ ಕಸ ಗುಡಿಸುವ ಕೆಲಸಕ್ಕೆ ಎರಡು ಬಸ್ಸು ಬದಲಿಸಿ, ಉಳಿದ ದಾರಿ ಹಿಮದಲ್ಲಿ ನಡೆದು ಬರುವುದು ಇಂಥ ಮತಗಳಿಂದ. 2022ರಲ್ಲಿ ಅದೇ ಕೌಂಟಿಯ ಜನ ತಮ್ಮ ಎಲ್ಲ ಊರುಗಳಿಗೂ ಬಸ್ಸು ಬರಲೆಂದು ತೆರಿಗೆಗೆ ಒಪ್ಪಿದರು. ಅಂದರೆ ಜನ ಬದಲಾಗಬಲ್ಲರು. ನಿಮ್ಮ ಬಡಾವಣೆಯ ಪಕ್ಕ ಕಡಿಮೆ ಬಾಡಿಗೆಯ ಮನೆಗಳು ಬರುತ್ತವೆಂದು ಸಭೆ ಕರೆದಾಗ, ‘ನಮ್ಮ ಮನೆ ಬೆಲೆ ಇಳಿಯುತ್ತದೆ’ ಎಂದು ಎದ್ದು ನಿಲ್ಲುವ ಮೊದಲು, ಆ ಮಾತನ್ನು 1941ರಲ್ಲಿ ಯಾರು ಆಡಿದ್ದರು, ಅದರಿಂದ ಯಾವ ಗೋಡೆ ಎದ್ದಿತು ಎಂದು ನೆನೆಸಿಕೊಳ್ಳಿ. ಮಕ್ಕಳಿಗೆ ಆ ಗೋಡೆಯನ್ನು ತೋರಿಸಿ.

ಇಷ್ಟು ಬರೆದ ಮೇಲೆ ನನ್ನ ಲೆಕ್ಕವನ್ನೂ ಒಪ್ಪಿಸಬೇಕು. ನಾನು ಹುಟ್ಟಿದ ಊರಿನಲ್ಲಿ ಕೇರಿ ಊರಾಚೆ ಇತ್ತು. ನಡುವೆ ಗೋಡೆ ಇರಲಿಲ್ಲ, ಬೇಕಾಗಿಯೂ ಇರಲಿಲ್ಲ. ಕೆಲಸಕ್ಕೆ ಸೇರಿದ ಹೊಸದರಲ್ಲಿ, ನನ್ನ ತರಗತಿಯಲ್ಲಿ ಕೇರಿಯ ಹುಡುಗರು ತಾವಾಗಿಯೇ ಹಿಂದಿನ ಸಾಲಿನಲ್ಲಿ ಕೂರುತ್ತಿದ್ದರು. ‘ಅವರಿಗೆ ಅದೇ ಅಭ್ಯಾಸ’ ಎಂದು ನಾನು ಸುಮ್ಮನಿದ್ದೆ. ಎತ್ತರದ ಕ್ರಮದಲ್ಲಿ ಎಲ್ಲರನ್ನೂ ಬೆರೆಸಿ ಕೂರಿಸಬೇಕೆಂಬುದು ನನಗೆ ಹೊಳೆಯಲು ನಾಲ್ಕು ವರ್ಷ ಬೇಕಾಯಿತು. ಆ ನಾಲ್ಕು ವರ್ಷ ಹಿಂದಿನ ಸಾಲಿನಲ್ಲೇ ಕುಳಿತು ಹೋದವರಲ್ಲಿ ಕೆಲವರಾದರೂ ಇದನ್ನು ಓದುತ್ತಿರಬಹುದು. ಅವರ ಕ್ಷಮೆಯನ್ನು ಇಲ್ಲಿಯೇ ಕೇಳುತ್ತೇನೆ. ‘ಅವರು ಹಾಗೇ’ ಎಂಬ ಎರಡು ಪದಗಳು ಎಷ್ಟು ಹಾಯಾದವು ಎಂಬುದನ್ನು ಅನುಭವದಿಂದ ಬಲ್ಲವನಾಗಿ ಈ ಮಾತುಗಳನ್ನು ಬರೆದಿದ್ದೇನೆಯೇ ಹೊರತು, ಎತ್ತರದ ಕುರ್ಚಿಯಲ್ಲಿ ಕುಳಿತಲ್ಲ.

ನನ್ನನ್ನು ಊರು ಸುತ್ತಿಸಿದ ಶಿಷ್ಯನಿಗೆ ಈ ಬರಹವನ್ನು ಮೊದಲೇ ಕಳಿಸಿ ಒಪ್ಪಿಗೆ ಪಡೆದಿದ್ದೇನೆ. ‘ಹಾಕಿ ಸಾರ್, ಆದರೆ ಹೆಸರು ಬೇಡ’ ಎಂದ. ಕೆಲವು ಮಾತುಗಳಿಗೆ ಅವನ ಆಕ್ಷೇಪ ಇದೆ, ಮುಂದೆ ಬರೆದು ತಿಳಿಸುತ್ತಾನಂತೆ. ನಿಮ್ಮದೂ ಇದ್ದರೆ ಬರೆಯಿರಿ. ಒಪ್ಪಲೇಬೇಕೆಂದು ತರಗತಿಯಲ್ಲಿಯೂ ನಾನು ನಿಮ್ಮನ್ನು ಬಲವಂತ ಮಾಡಿದವನಲ್ಲ. ಉತ್ತರಕ್ಕೆ ಕಾರಣ ಕೊಡಿ ಎಂದಷ್ಟೇ ಕೇಳುತ್ತಿದ್ದೆ. ಈಗಲೂ ಕೇಳುವುದು ಅಷ್ಟೆ.

ಎಲ್ಲರಿಗೂ ಒಳ್ಳೆಯದಾಗಲಿ.